ಬ್ಯಾಟರಿ ಕಂಪನಿಯ ಬಟ್ಟೆ ಒಗೆದ ನಮ್ಮಕ್ಕ

ನಮ್ಮಕ್ಕನ ಕೈಗೆ ಅಂಗಿ ಕೊಡುವುದೂ ಒಂದೇ, ಮನೆಯ ಗುಟ್ಟು ಕೊಡುವುದೂ ಒಂದೇ ಎಂದು ಬೀದಿಯವರು ಆಡಿಕೊಳ್ಳುತ್ತಿದ್ದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಕಾಲರು ನೋಡಿ, "ಏನಪ್ಪಾ, ಹೆಂಡ್ತಿ ತವರಿಗೆ ಹೋದ್ಲಾ?" ಎನ್ನುವಳು. ತೋಳಿನ ಮಡಿಕೆ ನೋಡಿ, "ಆಫೀಸಿಗೆ ಹೊಸ ಸಾಹೇಬ್ರು ಬಂದಂಗಿದೆ" ಎನ್ನುವಳು. ಬೀದಿಯ ತುದಿಯ ಕ್ಷೌರದಂಗಡಿಯವನು ಒಮ್ಮೆ ಹೊಟ್ಟೆನೋವು, ಆಸ್ಪತ್ರೆಗೆ ಹೋಗ್ತೀನಿ ಎಂದು ಮನೆಯಲ್ಲಿ ಹೇಳಿ ಗೆಳೆಯರ ಜೊತೆ ಮೀನು ಹಿಡಿಯಲು ಹೋಗಿದ್ದ. ಪ್ಯಾಂಟಿನ ಅಂಚಿಗೆ ಮೆತ್ತಿದ್ದ ಕೆಸರನ್ನು ಉಗುರಿನಿಂದ ಕೆರೆದು ನೋಡಿದ ಅಕ್ಕ, ಅವನ ಹೆಂಡತಿಯ ಎದುರಿಗೇ, "ಎಷ್ಟು ಮೀನು ಸಿಕ್ತು?" ಎಂದುಬಿಟ್ಟಳು. ಆಮೇಲೆ ಬಹಳ ದಿನ ಅವನ ಕತ್ತರಿ ನಮ್ಮ ಮನೆಯವರ ತಲೆಗೆ ಸೋಕಲಿಲ್ಲ. ಭಾವ ಸನ್ಯಾಸಿಯ ಹಾಗೆ ಕೂದಲು ಬಿಟ್ಟುಕೊಂಡು ವ್ಯಾನು ಓಡಿಸುತ್ತಿದ್ದರು.

ಇಂಥವಳ ತಮ್ಮ ನಾನು. ಅವಳ ಲಾಂಡ್ರಿಯಲ್ಲೇ ಇಸ್ತ್ರಿ ಮಾಡುವವನು. ಕಲೆ ನೋಡಿ ಕಥೆ ಹೇಳುವ ವಿದ್ಯೆ ಅವಳಿಗೆ ಬಂತು. ಅಂಗಿಯ ಮೇಲೆ ಇಸ್ತ್ರಿಪೆಟ್ಟಿಗೆಯ ಅಚ್ಚು ಹೊಡೆಯುವ ವಿದ್ಯೆ ನನಗೆ ಬಂತು. ಸುಟ್ಟ ಅಂಗಿಯ ಒಡೆಯರನ್ನು ಸಮಾಧಾನ ಮಾಡುವುದೂ ಅವಳ ಪಾಲಿಗೇ ಬಂತು.

ಗಂಡನನ್ನೂ ಅವಳು ಬಟ್ಟೆ ನೋಡಿಯೇ ಆರಿಸಿದ್ದು. ಭಾವ ಆಗ ಲಾರಿ ಓಡಿಸುತ್ತಿದ್ದರು, ವಾರಕ್ಕೊಮ್ಮೆ ಅಂಗಿ ತಂದು ಹಾಕುತ್ತಿದ್ದರು. "ಎಣ್ಣೆ ಕೈನ ತನ್ನ ಅಂಗಿಗೇ ಒರೆಸ್ಕೊಳ್ತಾನೆ, ಲಾರಿ ಸೀಟಿಗೆ ಒರೆಸಲ್ಲ. ಬೇರೆಯವರ ಸಾಮಾನಿಗೆ ಗೌರವ ಕೊಡೋ ಗಂಡಸು ಕಣೋ" ಎಂದಳು. ಅದೂ ನಿಜವೇ ಆಯಿತು. ಭಾವ ಒಳ್ಳೆಯವರು. ಒಂದೇ ಕುಂದೆಂದರೆ ಕೇಳದೆ ಮಾತಾಡುವುದಿಲ್ಲ. ಮನೆಗೆ ಬೆಂಕಿ ಬಿದ್ದಿದ್ದರೂ, "ಏನಾದ್ರೂ ಇದೆಯಾ?" ಎಂದು ಯಾರಾದರೂ ಕೇಳುವ ತನಕ ಬಾಗಿಲಲ್ಲಿ ನಿಂತಿರುವ ಮನುಷ್ಯ.

ಹೀಗೆ ಒಂದರ ಮೇಲೊಂದು ಸರಿಯಾಗುತ್ತ ಹೋದುದರಿಂದ, ನಮ್ಮಕ್ಕ ತಪ್ಪಬಹುದು ಎಂಬ ಯೋಚನೆ ಬೀದಿಯಲ್ಲಿ ಯಾರಿಗೂ ಬರಲಿಲ್ಲ. ನನಗಂತೂ ಬರಲೇ ಇಲ್ಲ.

ಕೆಳಗೆ ಲಾಂಡ್ರಿ, ಮೇಲೆ ನಮ್ಮ ವಾಸದ ಎರಡು ಕೋಣೆ. ಕೆಳಗೆ ಮೂರು ದೊಡ್ಡ ಒಗೆಯುವ ಯಂತ್ರಗಳು, ಅದರಲ್ಲಿ ಒಂದು ಸದಾ ಕುಣಿಯುವಂಥದ್ದು. ಅದರ ಕಾಲಿಗೆ ಇಟ್ಟಿಗೆ ಚೂರು ಕೊಟ್ಟು ಕೂರಿಸಿದ್ದೆವು. ಮನೆ ನಮ್ಮದಲ್ಲ, ಬಾಡಿಗೆಯದು. ಒಡತಿ ಹಿಂದಿನ ಬೀದಿಯ ಮುದುಕಿ, ನಾವೆಲ್ಲ ಅವರನ್ನು ಮನೆಯಜ್ಜಿ ಎನ್ನುತ್ತಿದ್ದೆವು. ಒಂದು ದಿನ ಅಜ್ಜಿ ಕೋಲೂರಿಕೊಂಡು ಬಂದು, "ನೋಡಮ್ಮ, ನನಗೆ ವಯಸ್ಸಾಯ್ತು. ಮನೆ ಮಾರಿ ಮಗಳ ಹತ್ರ ಹೋಗ್ತೀನಿ. ಮೊದ್ಲು ನಿನಗೇ ಹೇಳ್ತಿದೀನಿ. ಒಂದು ವರ್ಷ ಕಾಯ್ತೀನಿ, ಅಷ್ಟರಲ್ಲಿ ಹೊಂದಿಸ್ಕೊ" ಎಂದರು.

ಅಕ್ಕ ಆ ರಾತ್ರಿ ಊಟ ಮಾಡಲಿಲ್ಲ. ಸಂತೋಷಕ್ಕೋ ಹೆದರಿಕೆಗೋ ಅವಳಿಗೇ ತಿಳಿಯಲಿಲ್ಲ. ಕೂಡಿಟ್ಟದ್ದು ಇತ್ತು, ಆದರೆ ಮನೆಯ ಬೆಲೆಗೆ ಅದು ಅರ್ಧದಾರಿಯಲ್ಲೇ ಕೂತುಬಿಡುತ್ತಿತ್ತು. ಬ್ಯಾಂಕಿನಲ್ಲಿ ಅದು ಬೆಳೆಯುವ ರೀತಿ ನೋಡಿದರೆ ಅಜ್ಜಿಯ ಮೊಮ್ಮಗನ ಮೊಮ್ಮಗ ಬಂದು ಮಾರಬೇಕಾಗಿತ್ತು.

ಆ ಕಾಲಕ್ಕೆ ಸರಿಯಾಗಿ ನಮ್ಮ ಲಾಂಡ್ರಿಗೆ ಬ್ಯಾಟರಿ ಕಂಪನಿಯ ಬಟ್ಟೆ ಬರುತ್ತಿತ್ತು. ಊರ ಹೊರಗೆ ಗಾಜಿನ ಕಟ್ಟಡ. ಬಿಸ್ಕತ್ತಿನಷ್ಟು ತೆಳು ಬ್ಯಾಟರಿ ಮಾಡುತ್ತಾರಂತೆ, ಒಮ್ಮೆ ಚಾರ್ಜು ಹಾಕಿದರೆ ಗಾಡಿ ಊರಿಂದೂರಿಗೆ ಹೋಗಿ ಬರುತ್ತದಂತೆ ಎಂದು ಎಲ್ಲರ ಬಾಯಲ್ಲೂ ಅದೇ ಮಾತು. ಕೆಲಸಗಾರರ ನೀಲಿ ಅಂಗಿ, ನೀಲಿ ಪ್ಯಾಂಟು ಭಾವನ ವ್ಯಾನಿನಲ್ಲಿ ಮೂಟೆಮೂಟೆಯಾಗಿ ಬರುತ್ತಿದ್ದವು. ಮೊದಮೊದಲು ಆ ಬಟ್ಟೆ ಒಗೆಯುವುದೆಂದರೆ ಹೆಣಗಾಟ. ಬ್ಯಾಟರಿಗೆ ಹಾಕುವ ಯಾವುದೋ ಕಪ್ಪು ಪುಡಿ ನೂಲಿನೊಳಗೇ ಸೇರಿಕೊಂಡಿರುತ್ತಿತ್ತು. ಯಂತ್ರದ ನೀರು ಮಸಿಯಾಗಿ ಹೊರಬರುತ್ತಿತ್ತು. ನನ್ನ ಸೀನು ಕೂಡ ಕಪ್ಪಗೆ ಬರುತ್ತಿತ್ತು.

ದಿನ ಕಳೆದಂತೆ ಕಪ್ಪು ಕಡಿಮೆಯಾಯಿತು. ಮಸಿ ಹೋಗಿ ಬೂದಿ, ಬೂದಿ ಹೋಗಿ ಬರೀ ಬೆವರು. ಕಡೆಕಡೆಗೆ ತೊಡೆಯ ಮೇಲೊಂದು ಚಹಾದ ಕಲೆ ಬಿಟ್ಟರೆ ಮತ್ತೇನೂ ಇರುತ್ತಿರಲಿಲ್ಲ. ಅಕ್ಕ ಒಂದು ಪ್ಯಾಂಟನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಮೊಣಕಾಲು ಫಳಫಳ.

"ನೋಡೋ ಇಲ್ಲಿ. ಮೊದ್ಲು ಕೈಯಲ್ಲಿ ಕಲಸ್ತಿದ್ರು, ನೆಲದ ಮೇಲೆ ಕೂತು ತುಂಬ್ತಿದ್ರು. ಈಗ ಒಂದು ಚೂರು ಪುಡಿ ಬಿದ್ದಿಲ್ಲ. ಎಲ್ಲಾ ಯಂತ್ರವೇ ಮಾಡ್ತಿದೆ. ಕಂಪನಿ ಎಲ್ಲಿಂದ ಎಲ್ಲಿಗೆ ಹೋಯ್ತು ನೋಡು!"

"ಹಂಗಾದ್ರೆ ಇವರ ಷೇರು ಏರುತ್ತೆ ಅಲ್ವೇನಕ್ಕಾ?" ಎಂದೆ ನಾನು. ಷೇರು ಎಂಬ ಪದವನ್ನು ನಾನು ಔಷಧಿ ಅಂಗಡಿಯವನ ಬಾಯಲ್ಲಿ ಕೇಳಿದ್ದೆ, ಅಷ್ಟೇ. ಅದು ಏರುತ್ತದೆ ಎಂದು ಗೊತ್ತಿತ್ತು. ಇಳಿಯುವ ವಿಷಯ ಅವನು ಹೇಳಿರಲಿಲ್ಲ.

ಅಕ್ಕ ಮನೆಗೆಂದು ಕೂಡಿಟ್ಟದ್ದನ್ನು ತೆಗೆದು ಬ್ಯಾಟರಿ ಕಂಪನಿಯ ಷೇರು ಕೊಂಡಳು. ಔಷಧಿ ಅಂಗಡಿಯವನೇ ಅವಳ ಫೋನಿನಲ್ಲಿ ಎಲ್ಲ ಹಾಕಿಕೊಟ್ಟ. ನನ್ನ ಚೂರುಪಾರು ಉಳಿತಾಯವೂ ಅದರೊಳಗೇ ಸೇರಿತು. ಮೊದಲ ತಿಂಗಳಲ್ಲೇ ಅದು ಏರಿತು ನೋಡಿ, ನಾನು ಇಸ್ತ್ರಿ ಮಾಡುತ್ತ ಸಿಳ್ಳೆ ಹಾಕತೊಡಗಿದೆ.

ವಿಷಯ ಬೀದಿಗೆ ಹಬ್ಬಲು ಎಷ್ಟು ಹೊತ್ತು? ಕ್ಷೌರದಂಗಡಿಯವನು ಕೊಂಡ. ಬೀಗ ರಿಪೇರಿಯವನು ಕೊಂಡ. ಎದುರುಮನೆಯ ನಿವೃತ್ತ ಲೆಕ್ಕದ ಮೇಷ್ಟ್ರು ನಾಲ್ಕು ಹಾಳೆ ತುಂಬ ಲೆಕ್ಕ ಹಾಕಿ, ಕೊನೆಗೆ ಅವೆಲ್ಲವನ್ನೂ ಹರಿದುಹಾಕಿ, ಅಕ್ಕನ ಮಾತಿನ ಮೇಲೇ ಕೊಂಡರು. ನಮ್ಮ ಲಾಂಡ್ರಿ ಷೇರುಪೇಟೆಯಾಯಿತು. ಭಾವನ ವ್ಯಾನು ಬಂದು ನಿಂತರೆ ಸಾಕು, ಅರ್ಧ ಗಡ್ಡ ಹೆರೆದ ಗಿರಾಕಿಯನ್ನು ಕುರ್ಚಿಯಲ್ಲೇ ಬಿಟ್ಟು ಕ್ಷೌರದವನು ಓಡಿಬರುತ್ತಿದ್ದ.

"ಅಕ್ಕಾ, ಇವತ್ತು ಮೂಟೆ ಹೆಂಗಿದೆ?"

"ಕೊಳೆ ಹುಡುಕಿದ್ರೂ ಸಿಗಲ್ಲ ಕಣಯ್ಯ."

"ಹಂಗಾದ್ರೆ ಇನ್ನೂ ನಾಲ್ಕು ತಗೊಳ್ಳಾ?"

"ತಗೊ, ತಗೊ."

ಬಟ್ಟೆ ಎಷ್ಟು ಸ್ವಚ್ಛವೋ ನಮ್ಮ ಧೈರ್ಯ ಅಷ್ಟು. ಕೊಳೆಯಿಂದ ಹೊಟ್ಟೆ ಹೊರೆಯುವ ಲಾಂಡ್ರಿಯವರು ಕೊಳೆಯಿಲ್ಲದ ಬಟ್ಟೆ ನೋಡಿ ಕುಣಿದದ್ದು ಲೋಕದಲ್ಲಿ ಅದೇ ಮೊದಲಿರಬೇಕು.

ಅಷ್ಟು ಹೊತ್ತಿಗೆ ಟೀವಿಯಲ್ಲಿ ಟೈ ಕಟ್ಟಿದವರು ಅನುಮಾನ ಎತ್ತತೊಡಗಿದ್ದರು. ಕಂಪನಿ ಮುಂದಿನ ಮೂರು ತಿಂಗಳಲ್ಲಿ ಮಾಲು ಕೊಡುತ್ತೇನೆ ಎನ್ನುತ್ತದೆ, ಮೂರು ತಿಂಗಳು ಕಳೆದರೆ ಮತ್ತೆ ಅದನ್ನೇ ಎನ್ನುತ್ತದೆ. ದೊಡ್ಡ ಗಾಡಿ ತಯಾರಕರು ಯಾರೂ ಕೊಂಡಿಲ್ಲ. ಕೈ ಬರಿದಾದಾಗಲೆಲ್ಲ ಹೊಸ ಷೇರು ಹೊರಡಿಸಿ ಹಳಬರ ಪಾಲಿಗೆ ನೀರು ಬೆರೆಸುತ್ತದೆ ಎಂದೆಲ್ಲ. ಷೇರು ಇಳಿಯಿತು. ಒಂದಿಷ್ಟು ಏರಿತು, ಮತ್ತೆ ಇಳಿಯಿತು.

"ಆ ಟೈ ಕಟ್ಟಿರೋನು ಕಂಪನಿಯೊಳಗೆ ಕಾಲಿಟ್ಟಿದಾನಾ?" ಎಂದು ಅಕ್ಕ ಟೀವಿಗೇ ಜೋರು ಮಾಡುತ್ತಿದ್ದಳು. "ಅವನ ಕಾಲರು ನೋಡು, ಎರಡು ದಿನದ ಅಂಗಿ. ತನ್ನ ಅಂಗಿ ನೋಡ್ಕೊಳ್ಳಕ್ಕಾಗಲ್ಲ, ಊರ ಕಂಪನಿಗೆ ಬುದ್ಧಿ ಹೇಳಕ್ಕೆ ಬಂದ. ನನ್ನ ಕೈಯಲ್ಲಿರೋ ಪ್ಯಾಂಟು ಸುಳ್ಳು ಹೇಳುತ್ತಾ?"

ಪ್ಯಾಂಟು ಸುಳ್ಳು ಹೇಳಲಿಲ್ಲ. ಅದು ಪಾಪ, ಮೊದಲಿಂದಲೂ ನಿಜವನ್ನೇ ಹೇಳುತ್ತಿತ್ತು. ನಾವು ಮುಂದಿನಿಂದ ಮಾತ್ರ ನೋಡುತ್ತಿದ್ದೆವು.

ಒಂದು ಬೆಳಿಗ್ಗೆ ಒಂದು ಪ್ಯಾಂಟನ್ನು ಇಸ್ತ್ರಿ ಮೇಜಿನ ಮೇಲೆ ಬೋರಲು ಹಾಸಿ ನಾನು, "ಅಕ್ಕಾ, ಇದು ನಾನು ಸುಟ್ಟಿದ್ದಲ್ಲ, ಮೊದ್ಲೇ ಹಿಂಗಿತ್ತು" ಎಂದೆ. ಅದು ನಾನು ಹೇಳುವ ಮಾಮೂಲಿ ಮಾತು. ಆವತ್ತು ಮಾತ್ರ ನಿಜವಾಗಿತ್ತು. ಕೂರುವ ಜಾಗದಲ್ಲಿ ಬಟ್ಟೆ ಸವೆದು ಈರುಳ್ಳಿ ಸಿಪ್ಪೆಯಾಗಿತ್ತು. ಅಕ್ಕ ಇನ್ನೊಂದು ಪ್ಯಾಂಟು ಎಳೆದಳು. ಮತ್ತೊಂದು. ಮೂಟೆಯನ್ನೇ ನೆಲಕ್ಕೆ ಸುರಿದಳು. ಎಲ್ಲದರ ಮೊಣಕಾಲೂ ಹೊಸದು, ಎಲ್ಲದರ ಕುಂಡೆಯೂ ಸವೆದದ್ದು.

ಅಕ್ಕ ಆ ರಾಶಿಯ ನಡುವೆ ಕೂತಳು. ಭಾವನನ್ನು ಕರೆದಳು.

"ರೀ, ನೀವು ಬಟ್ಟೆ ತರಕ್ಕೆ ಹೋದಾಗ ಕಂಪನಿಯವರು ಏನ್ ಮಾಡ್ತಿರ್ತಾರೆ?"

"ಕೂತಿರ್ತಾರೆ."

"ಕೂತು?"

"ಇಸ್ಪೀಟು ಆಡ್ತಾರೆ. ಚಹಾ ಕುಡೀತಾರೆ. ನನಗೂ ಕೊಡ್ತಾರೆ, ಚೆನ್ನಾಗಿರುತ್ತೆ."

"ಯಾವತ್ತಿಂದ?"

"ವರ್ಷ ಆಗ್ತಾ ಬಂತಲ್ಲ. ಊಟದ ಹೊತ್ತು ಅನ್ಕೊಂಡಿದ್ದೆ."

"ಬೆಳಿಗ್ಗೆ ಹತ್ತು ಗಂಟೆಗೆ ಊಟವೇನ್ರೀ?"

ಭಾವ ಸ್ವಲ್ಪ ಯೋಚಿಸಿದರು. "ಅದೂ ಹೌದು" ಎಂದರು. ಆಮೇಲೆ, "ನೀನು ಕೇಳ್ಲಿಲ್ವಲ್ಲ" ಎಂದರು.

ನನಗೆ ತಕ್ಷಣ ಹೊಳೆದದ್ದು ಒಂದೇ. "ಅಕ್ಕಾ, ಈಗ್ಲೇ ಮಾರಿಬಿಡು. ಇಳಿದಿದ್ರೂ ಏನೀಗ, ಹಾಕಿದ್ದಕ್ಕಿಂತ ಚೂರು ಜಾಸ್ತೀನೇ ಇದೆ. ಅಜ್ಜಿಗೆ ಮುಂಗಡ ಕೊಡು, ಉಳಿದಿದ್ದಕ್ಕೆ ಕಾಲು ಹಿಡಿಯೋಣ. ಮನೆ ಉಳಿಯುತ್ತೆ."

"ಬೀದಿಯವರು?"

"ಆಮೇಲೆ ಹೇಳಿದ್ರಾಯ್ತು."

ಅಕ್ಕ ನನ್ನ ಕಡೆ ನೋಡಿದ ನೋಟಕ್ಕೆ ಇಸ್ತ್ರಿಪೆಟ್ಟಿಗೆ ಬೇಡವಾಗಿತ್ತು. "ಅವ್ರು ಕಂಪನಿ ನಂಬಿ ತಗೊಂಡಿಲ್ಲ ಕಣೋ, ನನ್ನ ಬಾಯಿ ನಂಬಿ ತಗೊಂಡಿದಾರೆ" ಎಂದು ಒಂದು ಪ್ಯಾಂಟನ್ನು ಕಂಕುಳಲ್ಲಿ ಇರುಕಿಕೊಂಡು ಬೀದಿಗಿಳಿದಳು. ನಾನು ಹಿಂದೆ ಹೋದೆ.

ಮೊದಲು ಔಷಧಿ ಅಂಗಡಿ. ಅವನು ಪ್ಯಾಂಟನ್ನು ನೋಡಲೂ ಇಲ್ಲ. ಸೀಸೆಗಳನ್ನು ಅತ್ತಿತ್ತ ಸರಿಸುತ್ತ, "ನಂದು... ನಾನು ಹೋದ ತಿಂಗಳೇ ಕೊಟ್ಬಿಟ್ಟೆ ಅಕ್ಕ" ಎಂದ.

"ನನಗೆ ಹೇಳ್ಬೇಕು ಅನಿಸ್ಲಿಲ್ವಾ?"

"ನೀವು ಅಷ್ಟು ಧೈರ್ಯವಾಗಿದ್ರಿ. ಯಾಕೆ ಮನಸ್ಸು ಕೆಡಿಸ್ಬೇಕು ಅಂತ."

ಈ ಸುದ್ದಿ ನಮಗಿಂತ ಮುಂಚೆ ಬೀದಿ ಸುತ್ತಿತು. ಕ್ಷೌರದಂಗಡಿ ಮುಟ್ಟುವ ಹೊತ್ತಿಗೆ ಅಲ್ಲಿ ಬೀಗದವನೂ ಸೇರಿಕೊಂಡಿದ್ದ. ಇಬ್ಬರೂ ಔಷಧಿಯವನ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದರು. ಅಕ್ಕ ಪ್ಯಾಂಟು ಹರಡಿ ವಿಷಯ ಹೇಳಿದಳು.

ಕ್ಷೌರದವನು ಕತ್ತರಿ ಕೆಳಗಿಟ್ಟ. "ನಿನ್ನೆ ತನಕ ಬಂಗಾರ ಅಂದ್ರಿ, ಇವತ್ತು ಮಾರು ಅಂತೀರಿ. ನಿಮ್ಮದು ಆಗ್ಲೇ ಮಾರಾಯ್ತು ಅನ್ನಿ. ಅವನೂ ಹಂಗೇ ಮಾಡ್ದ, ಸದ್ದಿಲ್ಲದೆ. ತಾವು ದಡ ಸೇರಿ ನಮಗೆ ಈಜಕ್ಕೆ ಹೇಳಿಕೊಡ್ತೀರಾ?"

ಅಕ್ಕನ ಮೂಗಿನ ತುದಿ ಕೆಂಪಾಯಿತು. ಆ ಮೂಗು ಕೆಂಪಾದಾಗ ಬರುವ ಮಾತುಗಳನ್ನು ನಾನು ಚಿಕ್ಕಂದಿನಿಂದ ಬಲ್ಲೆ.

"ಕೇಳಿಸ್ಕೊಳ್ಳಿ ಎಲ್ರೂ" ಎಂದಳು. "ನನ್ನಿಂದ ತಗೊಂಡೋರು ಒಬ್ರು ಉಳಿದಿದ್ರೂ ನಂದು ಮಾರಲ್ಲ. ಬಡಿಸಿದೋಳು ನಾನು. ಎಲ್ರೂ ಎದ್ದ ಮೇಲೇ ನಾನು ಏಳೋದು."

ಫೋನು ತೆಗೆದು ತೋರಿಸಿದಳು ಬೇರೆ. ಅವಳ ಷೇರೆಲ್ಲ ಇದ್ದಲ್ಲೇ ಇತ್ತು. ಕ್ಷೌರದವನು ಬೆಪ್ಪಾಗಿ ಅಲ್ಲೇ ಮಾರಿದ. ಬೀಗದವನು ಅವಳನ್ನು ಬೈಯುತ್ತ ಬೈಯುತ್ತಲೇ ಮಾರಿದ. ಇಬ್ಬರಿಗೂ ಹಾಕಿದ್ದರಲ್ಲಿ ಮುಕ್ಕಾಲು ಬಂತು. ಉಳಿದವರು ಮೇಷ್ಟ್ರೊಬ್ಬರೇ.

ಮೇಷ್ಟ್ರು ಕನ್ನಡಕ ಏರಿಸಿ ಪ್ಯಾಂಟನ್ನು ಪರೀಕ್ಷಿಸಿದರು. ಷೇರು ಇಳಿದಾಗಲೆಲ್ಲ ಅವರು ಇನ್ನಷ್ಟು ಕೊಂಡಿದ್ದರು. ಸರಾಸರಿ ಬೆಲೆ ಕಡಿಮೆಯಾಗುತ್ತದಂತೆ. ನಿವೃತ್ತಿಗೆ ಬಂದ ಗಂಟೆಲ್ಲ ಆ ಸರಾಸರಿಯೊಳಗೆ ಹೋಗಿತ್ತು.

"ಅಲ್ಲಮ್ಮ, ಒಂದು ಪ್ಯಾಂಟಿನ ಹಿಂಭಾಗ ನೋಡಿ ಇಡೀ ಕಂಪನಿ ಅಳೀತೀಯಾ?"

"ಮೇಷ್ಟ್ರೇ, ಇದೇ ಪ್ಯಾಂಟಿನ ಮುಂಭಾಗ ನೋಡಿ ತಾನೆ ನೀವು ತಗೊಂಡಿದ್ದು?"

ಮೇಷ್ಟ್ರು ಪ್ಯಾಂಟನ್ನು ಮಡಚಿ ಪಕ್ಕಕ್ಕಿಟ್ಟರು. ಅವರು ಲೆಕ್ಕದವರಲ್ಲವೇ, ದಾರಿ ಕಂಡುಕೊಂಡರು. "ನಾನು ಮಾರೋ ತನಕ ನೀನು ಮಾರಲ್ಲ ಅಂದಿದೀಯಂತೆ. ವಿಷಯ ಗೊತ್ತಿರೋ ನೀನೇ ಇಟ್ಕೊಂಡಿದೀಯಾ ಅಂದ್ಮೇಲೆ ನನ್ನದೂ ಇರ್ಲಿ."

"ನಿಮಗೋಸ್ಕರ ಇಟ್ಕೊಂಡಿರೋದು ಮೇಷ್ಟ್ರೇ!"

"ಹಂಗಾದ್ರೆ ನಿನಗೋಸ್ಕರ ನಾನೂ ಇಟ್ಕೊಳ್ತೀನಿ."

ಅಲ್ಲಿಗೆ ನಿಂತಿತು. ಇವಳು ಮಾರಿದರೆ ಅವರು ಮಾರುತ್ತಾರೆ. ಅವರು ಮಾರಿದರೆ ಇವಳು ಮಾರುತ್ತಾಳೆ. ಮೊದಲು ಮಾರಿಬಿಡು, ಆಮೇಲೆ ಅವರಿಗೆ ಹೇಳು ಎಂದು ನಾನು ಕಾಲಿಗೆ ಬೀಳುವುದೊಂದು ಬಾಕಿ. "ಆಡಿ ಆಗಿದೆ, ಬೀದಿಯೆಲ್ಲ ಕೇಳಿದೆ" ಎನ್ನುವಳು. ಭಾವನನ್ನು ಕೇಳಿದರೆ, "ಆಡಿದಾಳಲ್ಲ" ಎನ್ನುವರು. ದಿನವೂ ಷೇರು ಇಳಿಯುವುದು. ದಿನವೂ ಅಕ್ಕ ಇಸ್ತ್ರಿ ಮಾಡಿದ ಮೇಷ್ಟ್ರ ಅಂಗಿ ಒಂದೊಂದೇ ಹಿಡಿದು ಎದುರುಮನೆಗೆ ಹೋಗುವುದು. ಒಟ್ಟಿಗೆ ಕೊಟ್ಟರೆ ಮರುದಿನ ಹೋಗಲು ನೆವ ಬೇಕಲ್ಲ. ಅತ್ತ ಮನೆಯಜ್ಜಿ ಕೊಟ್ಟ ವರ್ಷವೂ ಮುಗಿಯುತ್ತ ಬಂದಿತ್ತು. ಒಬ್ಬ ಫೋನು ಮಾರುವವನು ಬಂದು ಕೆಳಗಿನ ಗೋಡೆಗಳನ್ನು ತಟ್ಟಿ ನೋಡಿಕೊಂಡು ಹೋಗಿದ್ದ. ಒಂದು ಮಧ್ಯಾಹ್ನ ಅಕ್ಕ ಕುಣಿಯುವ ಯಂತ್ರದ ಮುಂದೆ ನಿಂತು ಅಳುತ್ತಿದ್ದಳು. ನಾನು ಕಂಡದ್ದು ತಿಳಿದು, "ಸೋಪಿನ ಪುಡಿ ಕಣ್ಣಿಗೆ ಹೋಯ್ತು" ಎಂದಳು. ಆ ಹೊತ್ತಿನಲ್ಲಿ ನಾವು ಸೋಪಿನ ಪುಡಿ ಮುಟ್ಟಿಯೇ ಇರಲಿಲ್ಲ.

ಗಂಟು ಬಿಡಿಸಿದವರು ಮೇಷ್ಟ್ರ ಹೆಂಡತಿ. ಒಂದು ಸಂಜೆ ಅಕ್ಕನ ವಾದ, ಮೇಷ್ಟ್ರ ಸರಾಸರಿ ಎರಡೂ ಕೇಳಿ ಕೇಳಿ ಸಾಕಾಗಿ, ಒಳಗಿಂದ ಮೇಷ್ಟ್ರದೇ ಒಂದು ಪ್ಯಾಂಟು ತಂದು ಕಂಪನಿಯ ಪ್ಯಾಂಟಿನ ಪಕ್ಕದಲ್ಲಿ ಬೋರಲು ಹಾಕಿದರು. ಎರಡೂ ಅವಳಿಜವಳಿ.

"ನೋಡಿ ಇಲ್ಲಿ. ರಿಟೈರ್ ಆದಾಗಿನಿಂದ ನಿಮ್ದೂ ಹಿಂಗೇ ಸವೆದಿದೆ. ಮೊಣಕಾಲು ಮಾತ್ರ ಅಂಗಡೀಲಿ ತಂದಂಗಿದೆ. ನೀವು ಮನೇಲಿ ಕೂತು ಏನೇನು ತಯಾರು ಮಾಡಿದೀರಾ ಅಂತ ನನಗೆ ಗೊತ್ತು. ಕಂಪನಿಯವ್ರೂ ಅಷ್ಟೇ ಮಾಡಿರ್ತಾರೆ!"

ಮೇಷ್ಟ್ರು ಎರಡು ಪ್ಯಾಂಟನ್ನೂ ಬಹಳ ಹೊತ್ತು ನೋಡಿದರು. ಆಮೇಲೆ ತಮ್ಮದನ್ನು ಎತ್ತಿಕೊಂಡು ಒಳಗೆ ಹೋದರು. ಮರುದಿನ ಪೇಟೆ ಮುಚ್ಚುವ ಮುನ್ನ ಎಲ್ಲವನ್ನೂ ಮಾರಿದರು. ಗಂಟಿನಲ್ಲಿ ಅರ್ಧ ಹೋಗಿತ್ತು, ಅರ್ಧ ಉಳಿಯಿತು. ಮಾರಿದ್ದನ್ನು ಹೇಳಲು ಅವರು ನಮ್ಮ ಬಾಗಿಲಿಗೆ ಬಂದಾಗ ಕಣ್ಣು ಕೆಂಪಗಿತ್ತು. "ಇನ್ನು ನೀನು ಏಳಮ್ಮ" ಎಂದರು.

ಆದರೆ ಪೇಟೆ ಮುಚ್ಚಿತ್ತು. ಮರುದಿನ ಬೆಳಿಗ್ಗೆ ಅಕ್ಕ ಸ್ನಾನ ಮಾಡಿ ಫೋನು ಹಿಡಿದು ಕೂತಳು. ಮಾರು ಎಂಬ ಗುಂಡಿ ಒತ್ತಿದರೆ ಅಲ್ಲಾಡಲಿಲ್ಲ. ನಾನೂ ಒತ್ತಿದೆ. ಭಾವ ತಮ್ಮ ದಪ್ಪ ಹೆಬ್ಬೆರಳಿನಿಂದ ಒತ್ತಿದರು. ಔಷಧಿಯವನನ್ನು ಕರೆದೆವು, ತಲೆ ತಗ್ಗಿಸಿಕೊಂಡೇ ಬಂದ, ನೋಡಿದ, ಇನ್ನೂ ತಗ್ಗಿಸಿದ. ಕಂಪನಿ ರಾತ್ರಿಯೇ ಕೈಯೆತ್ತಿತ್ತು. ದಿವಾಳಿಯ ಅರ್ಜಿ ಹಾಕಿತ್ತು. ಷೇರಿನ ಮಾರಾಟ ನಿಂತಿತ್ತು.

"ಮತ್ತೆ ಶುರುವಾಗಬಹುದು ಅಕ್ಕ" ಎಂದ.

"ನೀನು ಸೀಸೆ ಜೋಡಿಸ್ಕೊ ಹೋಗಪ್ಪ" ಎಂದಳು ಅಕ್ಕ. ಅವಳಿಗೆ ಕೋಪವಿರಲಿಲ್ಲ. ಎದ್ದು ಹೋಗಿ ಮೂರೂ ಯಂತ್ರಕ್ಕೆ ಬಟ್ಟೆ ತುಂಬಿದಳು.

ಅಜ್ಜಿ ಮನೆಯನ್ನು ಫೋನು ಮಾರುವವನಿಗೆ ಕೊಟ್ಟರು. ಅತ್ತುಕೊಂಡೇ ಕೊಟ್ಟರು, ಆದರೂ ಕೊಟ್ಟರು. ಅವರಿಗೂ ಮಗಳ ಮನೆಗೆ ಹೋಗಬೇಕಿತ್ತು. ನಮಗೆ ಎರಡು ಬೀದಿ ಆಚೆ, ಹಳೆಯ ಗೋದಾಮೊಂದು ಬಾಡಿಗೆಗೆ ಸಿಕ್ಕಿತು. ಅರ್ಧದಲ್ಲಿ ಯಂತ್ರ, ಅರ್ಧದಲ್ಲಿ ನಾವು, ನಡುವೆ ಒಂದು ಪರದೆ.

ಸಾಮಾನು ಸಾಗಿಸುವ ದಿನ ಬೀದಿಯವರೆಲ್ಲ ಕರೆಯದೆಯೇ ಬಂದರು. ಧೂಳಿನ ಕೆಲಸ, ಮೈಮೇಲಿನ ಬಟ್ಟೆ ಹಾಳಾಗುತ್ತದೆ ಎಂದು ಕ್ಷೌರದವನು ಗೊಣಗಿದಾಗ ಅಕ್ಕ, ಕಂಪನಿಯವರು ಒಯ್ಯದೆ ಬಿಟ್ಟ ಒಗೆದ ಯೂನಿಫಾರ್ಮಿನ ಮೂಟೆ ಬಿಚ್ಚಿದಳು. "ತಗೊಳ್ಳಿ. ನನ್ನ ಷೇರಿನ ಪಾಲಿಗೆ ಬಂದಿದ್ದು ಇದೇ" ಎಂದಳು. ಕ್ಷೌರದವನು, ಬೀಗದವನು, ಮೇಷ್ಟ್ರು, ಕದ್ದುಮುಚ್ಚಿ ಬಂದು ಸೇರಿದ ಔಷಧಿಯವನು ಎಲ್ಲರೂ ಬೆನ್ನ ಮೇಲೆ ಬ್ಯಾಟರಿ ಕಂಪನಿಯ ಗುರುತು ಹೊತ್ತು ನಮ್ಮ ಮಂಚ, ಪಾತ್ರೆ, ಹಗ್ಗ ಹೊತ್ತರು. ಮೇಷ್ಟ್ರಿಗೆ ಪ್ಯಾಂಟು ಉದ್ದವಾಗಿ ಎರಡು ಸಲ ಮುಗ್ಗರಿಸಿದರು. ದಾರಿಹೋಕನೊಬ್ಬ ಸೈಕಲ್ಲು ನಿಲ್ಲಿಸಿ ಬೆರಗಿನಿಂದ ನೋಡಿದ.

"ಏನ್ ಸ್ವಾಮಿ, ಕಂಪನಿ ಮತ್ತೆ ಶುರುವಾಯ್ತಾ? ನಂದು ಸ್ವಲ್ಪ ಷೇರು ಇತ್ತು."

ಎಲ್ಲರೂ ಅಕ್ಕನ ಮುಖ ನೋಡಿದರು. ಅಕ್ಕ ಸೆರಗಿನಲ್ಲಿ ಕೈಯೊರೆಸಿಕೊಂಡು, "ಇಲ್ಲಪ್ಪ. ಇವ್ರೆಲ್ಲ ಕೆಲಸ ಮಾಡ್ತಿದಾರೆ, ಕಾಣ್ತಿಲ್ವಾ?" ಎಂದಳು. ಮೊದಲು ನಕ್ಕದ್ದು ಮೇಷ್ಟ್ರು. ಆಮೇಲೆ ಯಾರಿಗೂ ಮಂಚ ಹಿಡಿದುಕೊಳ್ಳಲಾಗಲಿಲ್ಲ. ಅದನ್ನು ಬೀದಿ ನಡುವೆ ಇಳಿಸಿ ನಕ್ಕರು.

ಸಂಜೆಗೆ ಉಳಿದದ್ದು ಕುಣಿಯುವ ಯಂತ್ರವೊಂದೇ. ಅದನ್ನು ಕೈಗಾಡಿಗೆ ಏರಿಸಿದೆವು. ಅಕ್ಕ ಒಬ್ಬಳೇ ಮೇಲಿನ ಕೋಣೆಗೆ ಹೋದಳು. ಕಿಟಕಿ ಮುಚ್ಚಿದ ಸದ್ದು ಕೇಳಿತು. ಮುಚ್ಚಿದ ಕಿಟಕಿಯನ್ನು ತೆರೆದು ಮತ್ತೊಮ್ಮೆ ಸರಿಯಾಗಿ ಮುಚ್ಚಿದ ಸದ್ದೂ ಕೇಳಿತು. ಭಾವ ಹಾರ್ನು ಒತ್ತಲು ಕೈಯೆತ್ತಿ, ಒತ್ತದೆ ಇಳಿಸಿದರು.

ಅಕ್ಕ ಇಳಿದು ಬಂದಳು. ಬೀಗದವನು ಬಾಗಿಲು ಹಾಕಿ ಕೀಲಿ ಕೊಟ್ಟ. ಅವಳು ಅದನ್ನು ಕಾಯುತ್ತ ನಿಂತಿದ್ದ ಫೋನಿನವನ ಅಂಗೈಯಲ್ಲಿಟ್ಟಳು. "ಮಳೆ ಬಂದ್ರೆ ಹಿಂದಿನ ಗೋಡೆ ಬೆವರುತ್ತೆ, ಮಾಲು ಆ ಕಡೆ ಇಡ್ಬೇಡಿ" ಎಂದಳು.

"ಮುಂದೆ ಕೂತ್ಕೊ ಬಾ" ಎಂದರು ಭಾವ, ವ್ಯಾನಿನ ಬಾಗಿಲು ತೆರೆದು. ಕೇಳದೆ ಅವರು ಆಡಿದ ಮೊದಲ ಮಾತು ಅದಿರಬೇಕು.

"ಬೇಡ ರೀ. ಇದು ಬೀಳುತ್ತೆ" ಎಂದ ಅಕ್ಕ ಕೈಗಾಡಿಯ ಪಕ್ಕಕ್ಕೆ ಬಂದು ಯಂತ್ರದ ಮೇಲೆ ಎರಡೂ ಕೈಯಿಟ್ಟಳು. ನಾನು ಹಿಂದಿನಿಂದ ತಳ್ಳಿದೆ. ಗಾಲಿ ಕಲ್ಲಿನ ಮೇಲೆ ಹತ್ತಿ ಯಂತ್ರ ಒಂದು ಕಡೆಗೆ ವಾಲಿತು. "ಲೋ, ನೋಡ್ಕೊಂಡು ತಳ್ಳೋ! ಇರೋದೇ ಇವು ಮೂರು" ಎಂದು ಬೈಯುತ್ತ, ಹೆಗಲು ಕೊಟ್ಟು ಅದನ್ನು ನೆಟ್ಟಗೆ ಮಾಡುತ್ತ, ಅಕ್ಕ ಬೀದಿಯ ತಿರುವು ದಾಟಿದಳು.